ಹೂಜಿಯ ಅಂಚಿನ ಮುಕ್ಕು

ಮೇಷ್ಟ್ರ ಬೀರುವಿನಲ್ಲಿದ್ದದ್ದೆಲ್ಲ ಕೆಂಪು ಗಾಜು. ಹೂಜಿ, ಬಟ್ಟಲು, ಲೋಟ, ಯಾವ ಕಾಲದವೋ, ಯಾರ ಮನೆಯಲ್ಲಿ ಬಾಳಿ ಬಂದವೋ. ಅದರ ಹತ್ತಿರ ಯಾರಾದರೂ ಕೆಮ್ಮಿದರೂ ಮೇಷ್ಟ್ರು ಕಣ್ಣು ಕೆಂಪಗೆ ಮಾಡುತ್ತಿದ್ದರು. ಅಂಥದ್ದರಲ್ಲಿ, ಅವರು ಜ್ವರ ಬಂದು ಮಲಗಿದ್ದಾಗ ಅವರ ಹೆಂಡತಿ ಧೂಳು ಒರೆಸಲು ಹೋಗಿ ಹೂಜಿಯ ಅಂಚು ಮುಕ್ಕು ಮಾಡಿದ್ದಳು. ಮುಕ್ಕಾದ ಕಡೆ ಕೆಂಪು ನೇಲ್ ಪಾಲಿಶ್ ಬಳಿದು, ಅಂದಿನಿಂದ ತುಟಿ ಪಿಟಕ್ಕೆನ್ನದೆ ಇದ್ದಳು.

ಅವಳ ತಮ್ಮನಿಗೆ ಈ ಬೀರುವೇ ಒಂದು ತಮಾಷೆ. "ಭಾವ, ಇದೆಲ್ಲ ಬಿಳಿ ಗಾಜಿಗೆ ಬಣ್ಣ ಬಳಿದಿರೋ ಮಾಲು," ಎಂದು ಬಂದಾಗಲೆಲ್ಲ ಕೆಣಕುತ್ತಿದ್ದ. ಮೇಷ್ಟ್ರು ಬಿಡುತ್ತಾರೆಯೇ? ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. "ಯಾರನ್ನ ಬೇಕಾದ್ರೂ ಕರ್ಕೊಂಡು ಬಾ," ಎಂದರು. ಹಳೇ ಸಾಮಾನಿಗೆ ಬೆಲೆ ಕಟ್ಟುವವನನ್ನು ಅವಳ ತಮ್ಮ ಕರೆತಂದೇಬಿಟ್ಟ.

ಬೆಲೆ ಕಟ್ಟುವವನು ಹೂಜಿಯನ್ನು ಬೆಳಕಿಗೆ ಹಿಡಿದ, ತಳ ಸವರಿದ. ಘಾಟು ವಾಸನೆಯ ದ್ರಾವಣದಲ್ಲಿ ಹತ್ತಿ ಅದ್ದಿ ಅಂಚನ್ನು ಒರೆಸಿದ. ಹತ್ತಿ ಕೆಂಪಾಯಿತು.

"ಬಣ್ಣ ಬಿಡ್ತಿದೆ ಮೇಷ್ಟ್ರೇ. ಇನ್ನು ನೋಡೋದೇನಿದೆ?" ಎಂದು ಚೀಲ ಕಟ್ಟತೊಡಗಿದ.

ತಮ್ಮ ಚಪ್ಪಾಳೆ ತಟ್ಟಿ ನಕ್ಕ. ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು, ಮುಖದಲ್ಲಿ ರಕ್ತವೇ ಇರಲಿಲ್ಲ. ಹತ್ತಿಗೆ ಹತ್ತಿದ ಕೆಂಪು ಯಾವುದೆಂದು ಹೆಂಡತಿಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಉಳಿದ ಆಯುಷ್ಯವೆಲ್ಲ ಬೈಗುಳ, ಬಿಡದಿದ್ದರೆ ಗಂಡನ ಮಾನ ತಮ್ಮನ ಕೈಯಲ್ಲಿ. ಆ ಮುಖ ನೋಡಲಾಗದೆ ಅವಳು ಅಂದೇಬಿಟ್ಟಳು.

"ಅದು ಗಾಜಿನ ಬಣ್ಣ ಅಲ್ಲ ಸ್ವಾಮಿ, ನನ್ನ ನೇಲ್ ಪಾಲಿಶ್. ಅಂಚು ಒಡೆದವಳು ನಾನೇ."

ಬೆಲೆ ಕಟ್ಟುವವನು ಭೂತಗನ್ನಡಿ ಹಿಡಿದು ಮುಕ್ಕನ್ನು ನೋಡಿದ. "ಒಳಗೂ ಕೆಂಪೇ. ಅಪ್ಪಟ ಮಾಲು!" ಎಂದ. ತಮ್ಮನ ನಗು ನಿಂತಿತು.

ಮೇಷ್ಟ್ರು ಈಗ ಗುಡುಗುತ್ತಾರೆ ಎಂದು ಹೆಂಡತಿ ತಲೆ ತಗ್ಗಿಸಿದಳು. ಗುಡುಗಲಿಲ್ಲ. "ಹೋಗ್ಲಿ ಬಿಡೇ, ಮನುಷ್ಯರ ಕೈ ಅಲ್ವಾ," ಎಂದರು ಮೆತ್ತಗೆ. ಆಮೇಲೆ ಬೆಲೆ ಕಟ್ಟುವವನ ಕಡೆ ತಿರುಗಿ, "ಸಾಕು ಸ್ವಾಮಿ, ಉಳಿದಿದ್ದು ನೋಡೋದೇನೂ ಬೇಡ, ಕಾಫಿ ಕುಡೀರಿ," ಎಂದು ಅವಸರ ಮಾಡಿದರು.

ತಮ್ಮ ಆಗಲೇ ಬಟ್ಟಲನ್ನು ಮುಂದಿಟ್ಟಿದ್ದ. ಅದರ ಅಂಚು ಒರೆಸಿದಾಗಲೂ ಹತ್ತಿ ಕೆಂಪಾಯಿತು.

"ಅಕ್ಕಾ, ಇದೂ ನಿಂದೇ ಕೆಲಸಾನಾ?"

"ಇದನ್ನ ನಾನು ಮುಟ್ಟೇ ಇಲ್ಲ ಕಣೋ!"

ಮೂವರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಸೀಲಿಂಗ್ ಫ್ಯಾನ್ ನೋಡುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ನಿನ್ನ ಬಾಟ್ಲಿಯಿಂದ್ಲೇ," ಎಂದರು ಕೊನೆಗೆ. "ಒಂದೇ ಒಂದು ತೊಟ್ಟು ತಗೊಂಡಿದ್ದು."

ಇಷ್ಟು ವರ್ಷ ಹೆದರಿ ಸತ್ತದ್ದೆಲ್ಲ ಒಮ್ಮೆಲೇ ಸಿಟ್ಟಾಗಿ ಅವಳ ನೆತ್ತಿಗೇರಿತು. "ಏಳ್ರೀ ಮೇಲೆ," ಎಂದು ಗಂಡನನ್ನು ಎಬ್ಬಿಸಿ, ಅವರ ಕುರ್ಚಿಯಲ್ಲಿ ತಾನು ಕೂತಳು.

"ಬೀರು ಪೂರ್ತಿ ಖಾಲಿ ಮಾಡೋ," ಎಂದಳು ತಮ್ಮನಿಗೆ. "ಸ್ವಾಮಿ, ನೀವು ಒಂದೊಂದೇ ಒರೆಸ್ತಾ ಬನ್ನಿ."