ತೂಬಿನ ಗೂಟಕ್ಕೆ ಕಟ್ಟಿದ ತಲೆವಸ್ತ್ರ

ರೋಮಿನ ಚಕ್ರವರ್ತಿಗಳು ಹೋಗಿ ಎರಡು ತಲೆಮಾರಾಗಿತ್ತು. ಅವರು ಕಟ್ಟಿದ ಕಲ್ಲುಕಾಲುವೆಯಲ್ಲಿ ಸುಣ್ಣ ಮಾತ್ರ ತಪ್ಪದೆ ಬೆಳೆಯುತ್ತಿತ್ತು. ನೆಮಾಸುಸ್ ಊರಿನ ನಾಲಿಗೆಗೆ ಬೆಣ್ಣೆಯಾದ ನೀರು ಕಾಲುವೆಯ ಗೋಡೆಗೆ ಸುಣ್ಣ. ಅದನ್ನು ಕೆತ್ತುತ್ತಿದ್ದ ಗಂಡ ಚಳಿಗಾಲದಲ್ಲಿ ತೀರಿಕೊಂಡ ಮೇಲೆ ಉಳಿ, ಸುತ್ತಿಗೆ ವೆರನಳ ಕೈಗೆ ಬಂದವು.

ಕೆಲಸಗಾರನ ಟೋಪಿ ತೂಬಿನ ಗೂಟದಲ್ಲಿ ಇರುವಷ್ಟು ಹೊತ್ತು ನೀರು ತಡೆಯುವ ಹಲಗೆ ಎತ್ತುವಂತಿಲ್ಲ, ಅದು ಹಳೆಯ ಕಟ್ಟಳೆ. ಗಂಡನ ತೊಗಲಿನ ಟೋಪಿ ಅವನ ಜೊತೆಗೇ ಮಣ್ಣಾಗಿತ್ತು. ವೆರನ ಗೂಟಕ್ಕೆ ತನ್ನ ತಲೆವಸ್ತ್ರ ಕಟ್ಟಿ ಒಳಗಿಳಿದಳು.

ಮಧ್ಯಾಹ್ನ, ಹೆಗಲು ತಿರುಗದ ಇಕ್ಕಟ್ಟಿನಲ್ಲಿ ಮಂಡಿಯೂರಿ ಕೆತ್ತುತ್ತಿದ್ದಾಗ ಮಂಡಿಗೆ ತಣ್ಣಗೆ ತಾಗಿತು. ಕೆಸರು ಎಂದುಕೊಂಡಳು. ದೀಪ ಚುಯ್ಯೆಂದು ಆರಿತು. ಕೆಸರಲ್ಲ.

"ಗುಡಿಲಣ್ಣಾ! ಹಲಗೆ ಇಳ್ಸಣ್ಣಾ! ನಾನ್ ಒಳಗಿದೀನಿ!"

ಮೂವತ್ತು ಹೆಜ್ಜೆ ಆಚೆ ತೂಬಿನವನು, ಗೋಥ್ ಕುಲದ ಗುಡಿಲ, ಕೂಗಿದ್ದು ಕೇಳಿಸಿತು. ಅವನು ಕೂಗುತ್ತಿದ್ದುದು ದೇವರನ್ನು.

"ಏಸಪ್ಪಾ, ಕಾಪಾಡಪ್ಪಾ! ಊಟೆಯಮ್ಮ ಕರೀತಾವ್ಳೆ! ನಾ ಬರಕ್ಕಿಲ್ಲ ತಾಯಿ, ಮಕ್ಕಳೊಂದಿಗ!"

ಪಾದ್ರಿಗಳು ಗುಡಿಯಿಂದ ಓಡಿಸಿದ ಹಳೆಯ ಬುಗ್ಗೆದೇವತೆ ಊಟೆಯಮ್ಮ ನೀರಿನ ಜೊತೆ ಬಂದು ಹೆಣ್ಣುದನಿಯಲ್ಲಿ ಕರೆಯುತ್ತಾಳೆ, ಓಗೊಟ್ಟವರನ್ನು ಒಳಗೆಳೆಯುತ್ತಾಳೆ ಎಂದು ಊರೇ ನಂಬಿತ್ತು. ವೆರನ ಕಿರುಚಿದಷ್ಟೂ ಗುಡಿಲನ ಪ್ರಾರ್ಥನೆ ಏರಿತು. ನೀರು ಸೊಂಟ ದಾಟಿತು. ಸೆಳೆತಕ್ಕೆ ಎದುರಾಗಿ ಒಂದು ಹೆಜ್ಜೆ ಇಡಲಾಗಲಿಲ್ಲ. ಹಿಂದುಗಡೆ ಸುಣ್ಣ ಕಾಲುವೆಯ ಕುತ್ತಿಗೆ ಹಿಚುಕಿತ್ತು.

ಹೆಂಗಸಿನ ದನಿಗೆ ಹಲಗೆ ಇಳಿಯದು. ಯಾರ ದನಿಗೆ ಇಳಿದೀತು?

ಬಿಷಪರ ಬಲಗೈಯಾದ ಪ್ರೋಬುಸ್, ಮೂಗಿನಲ್ಲಿ ಬಟಾಣಿ ಸಿಕ್ಕಿಕೊಂಡಂತೆ ಮಾತಾಡುವ ಪಾದ್ರಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವನಂತೆ ಮಾತಾಡಿ ನಗಿಸಿ ವೆರನ ಒಮ್ಮೆ ಸಿಕ್ಕಿಬಿದ್ದಿದ್ದಳು. "ಇನ್ನೊಮ್ಮೆ ನನ್ನ ದನಿ ನಿನ್ನ ಬಾಯಲ್ಲಿ ಕೇಳಲಿ, ಪಿಶಾಚಿ ಹಿಡಿದವಳೆಂದು ಸರಪಳಿ ಬಿಗಿಸ್ತೀನಿ," ಎಂದಿದ್ದ.

ನೀರು ಎದೆಗೆ ಬಂತು. ಕಟಕಟಿಸುವ ಹಲ್ಲುಗಳನ್ನು ಕಚ್ಚಿ ಹಿಡಿದು ಮೂಗಿನಿಂದ ಗದರಿದಳು.

"ಎಲೈ ಗುಡಿಲಾ! ಹಂ! ಯಾರನ್ನ ಕೇಳಿ ಎತ್ತಿದೆಯಯ್ಯಾ? ಇಳಿಸು ಅಂದ್ರೆ ಇಳಿಸು! ಹಂ!"

"ಇಳಿಸ್ದೆ ಬುದ್ಧಿ, ಇಳಿಸ್ದೆ!"

ಹಲಗೆ ದಡಾರನೆ ಬಿತ್ತು.

ನೀರು ಇಳಿದ ಮೇಲೆ ಗೋಡೆ ತಡವುತ್ತ ತೂಬಿನ ಕಿಂಡಿಗೆ ಬಂದಳು. ಹೊರಗಿನಿಂದ ಅದೇ ದನಿ ಕೇಳಿಸಿತು. ಈ ಸಲ ಅವಳದಲ್ಲ.

"ನಾಡಿದ್ದು ಈಸ್ಟರ್ ದೀಕ್ಷಾಸ್ನಾನ. ನೀರೆಲ್ಲಯ್ಯಾ, ಹಂ?"

"ತಾವೇ ಅಲ್ವಾ ಬುದ್ಧಿ, ಈಗ ಕಾಲುವೆ ಒಳಗಿಂದ ಇಳಿಸು ಅಂದಿದ್ದು?"

ಪ್ರೋಬುಸ್‌ನ ಮುಖ ಸುಣ್ಣ ಬಳಿದಂತಾಯಿತು. ಅಷ್ಟರಲ್ಲಿ ಕಿಂಡಿಯಿಂದ ವೆರನಳ ತಲೆ ಮೇಲೆ ಬಂತು. ಗುಡಿಲ ಅವಳನ್ನು ನೋಡಿದ. ಆಮೇಲೆ ತನ್ನ ಹೆಗಲ ಮೇಲೆ ನೀಟಾಗಿ ಮಡಿಚಿಟ್ಟಿದ್ದ ತಲೆವಸ್ತ್ರ ನೋಡಿದ.

"ಒಣಗಾಕಿದ್ದು ಯಾರೋ ಮರೆತವ್ರೆ ಅಂತ ನಾನು..."

ಪ್ರೋಬುಸ್ ಅವಳ ಕಡೆ ತಿರುಗಿದ. "ಒಳಗೆ ಮಾತಾಡಿದ್ದು ಯಾರು?"

ಗುಡಿಲ ಅಡ್ಡ ಬಂದು ತಲೆವಸ್ತ್ರವನ್ನು ಅವಳ ತಲೆಗೆ ಹೊದಿಸಿ, ಗದ್ದದ ಕೆಳಗೆ ಬಿಗಿಯಾಗಿ ಗಂಟು ಹಾಕಿದ.

"ತಾವೇ ಬುದ್ಧಿ, ಆಣೆ ಮಾಡ್ತೀನಿ. ಈ ಯಮ್ಮಂಗೆ ಚಳಿಗೆ ಬಾಯಿ ಕಟ್ಟೋಗದೆ."

ವೆರನ ಹೌದೆಂದು ತಲೆಯಾಡಿಸಿದಳು. ಬಾಯಿ ತೆರೆದರೆ ಯಾವ ದನಿ ಹೊರಬಿದ್ದೀತೋ ಎಂದು ಅವಳಿಗೇ ಭಯ.