ಅಮ್ಮನಿಗೆ ರೆಕ್ಕೆಯ ಕುದುರೆ

ನಮ್ಮ ಹುಟುವೊ ನದಿಯ ಬಯಲಿನಲ್ಲಿ ಗಂಡಸು ಸತ್ತರೆ ಪರಲೋಕಕ್ಕೆ ಏರಿ ಹೋಗಲೆಂದು ಕಾಗದದ ಕುದುರೆ ಸುಡುತ್ತಾರೆ, ಹೆಂಗಸು ಸತ್ತರೆ ಕಾಗದದ ಹಸು. ಹೆಂಗಸು ಬದುಕಿದ್ದಾಗ ತೊಳೆದೂ ತೊಳೆದೂ ಕೊಳಕು ಮಾಡಿದ ನೀರನ್ನೆಲ್ಲ ಪರಲೋಕದಲ್ಲಿ ಅವಳೇ ಕುಡಿಯಬೇಕಂತೆ. ಅವಳ ಬದಲು ಹಸು ಕುಡಿಯುತ್ತದಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಮ್ಮಮ್ಮ ನಲವತ್ತು ವರ್ಷ ಜೋಳದ ದಂಟು ಕಟ್ಟಿ, ಕಾಗದ ಅಂಟಿಸಿ ಊರಿನ ಗಂಡಸರಿಗೆಲ್ಲ ಕುದುರೆ ಮಾಡಿಕೊಟ್ಟವಳು. ನಮ್ಮಪ್ಪನದ್ದೂ ಅವಳೇ ಮಾಡಿದ್ದು. ಅವಳಿಂದ ಕಲಿತು ಈಗ ನಾನೂ ಅದೇ ಕೆಲಸ ಮಾಡುತ್ತೇನೆ. ಹಾಸಿಗೆ ಹಿಡಿದಾಗ ನನ್ನನ್ನು ಹತ್ತಿರ ಕರೆದು ಹೇಳಿದಳು: "ಸುಪಿಂಗ್, ನಂಗೆ ಹಸು ಬೇಡ ಕಣೇ. ಆಕಾಶದ ಕುದುರೆ ಮಾಡು, ರೆಕ್ಕೆ ಇರೋದು. ಈ ಮಂಡಿ ನೋವಲ್ಲಿ ಕುಲುಕಾಡ್ಕೊಂಡು ಹೋಗಕ್ಕೆ ನನ್ ಕೈಲಾಗಲ್ಲ."

ಮಾಡಿದೆ. ಬಿಳಿ ಕುದುರೆ; ಭುಜದಿಂದ ಹಿಂದಕ್ಕೆ ಮೋಡದ ಸುರುಳಿಯಂಥ ರೆಕ್ಕೆ, ಹಳೆಯ ರಾಜರ ಸಮಾಧಿಯ ಕಲ್ಲುಕುದುರೆಗಳಿಗೆ ಇರುತ್ತದಲ್ಲ, ಹಾಗೆ.

ಅಮ್ಮನನ್ನು ಮಣ್ಣು ಮಾಡುವ ದಿನ ಮಧ್ಯಾಹ್ನ ಅದನ್ನು ಅಂಗಳಕ್ಕೆ ತಂದದ್ದೇ ತಡ, ಅಪ್ಪನ ಅಣ್ಣ ಯಾನ್ ದಹಾಯ್ ದೊಡ್ಡಪ್ಪ ಊರುಗೋಲಿನಿಂದ ನೆಲ ಕುಟ್ಟಿದರು.

"ಏನೇ ಇದು? ನಿಮ್ಮಮ್ಮ ಏನು ದಂಡನಾಯಕಿನಾ? ಹಸು ಎಲ್ಲಿ?"

"ಮಾಡಿಲ್ಲ."

"ಹಾಗಾದ್ರೆ ಅಷ್ಟು ನೀರು ಯಾರು ಕುಡೀತಾರೆ?"

"ಯಾರ ಬಟ್ಟೆ ಒಗೆದ್ಲೋ ಅವ್ರು ಕುಡೀಲಿ ದೊಡ್ಡಪ್ಪ. ನಿಮ್ಮ ಚಡ್ಡೀನೂ ಅದ್ರಲ್ಲಿತ್ತು."

ಯಾರೋ ಕಿಸಕ್ಕೆಂದರು. ದೊಡ್ಡಪ್ಪನ ಮುಖ ಕೆಂಪೇರಿತು.

ಸುಡುವ ಮೊದಲು ಮಗನಾದವನು ಸ್ಟೂಲಿನ ಮೇಲೆ ನಿಂತು, ನೈಋತ್ಯಕ್ಕೆ ಕೋಲು ತೋರಿಸಿ, ಸತ್ತವರಿಗೆ ದಾರಿ ಕೂಗಿ ಹೇಳಬೇಕು. ಕೂಗದಿದ್ದರೆ ಜೀವ ದಾರಿ ತಪ್ಪಿ ಅಲೆಯುತ್ತದೆ. ಅಮ್ಮನಿಗೆ ಗಂಡುಮಕ್ಕಳಿಲ್ಲ. ದೊಡ್ಡಪ್ಪನ ಮಗ ಬಾವ್‌ಶನ್ ಆಗಲೇ ಸ್ಟೂಲು ಹತ್ತಿ ನಿಂತಿದ್ದ.

"ಇಳಿಯೋ ಕೆಳಗೆ," ಎಂದರು ದೊಡ್ಡಪ್ಪ. "ಹಸು ಬರೋವರೆಗೂ ನನ್ನ ಮಗ ಬಾಯಿ ಬಿಡಲ್ಲ. ಅಲೀಲಿ ಅವಳು."

ಬಾವ್‌ಶನ್ ತಲೆ ತಗ್ಗಿಸಿಕೊಂಡು ಇಳಿದ. ಹೆಣ್ಣು ಕೂಗಿದರೆ ದಾರಿ ತೆರೆಯುವುದಿಲ್ಲ ಎನ್ನುತ್ತಾರೆ. ನಿಜವೇ ಇದ್ದರೆ? ಅಮ್ಮ ಅಲೆದರೆ ಅದು ನನ್ನಿಂದಲೇ. ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೂ ಅವನ ಕೈಯಿಂದ ಕೋಲು ಕಿತ್ತುಕೊಂಡು ಹತ್ತಿದೆ.

"ಅಮ್ಮಾ, ನೈಋತ್ಯಕ್ಕೆ ಹೋಗು. ದೊಡ್ಡ ದಾರಿ ಹಿಡಿ. ಕುತ್ತಿಗೆ ಗಟ್ಟಿಯಾಗಿ ತಬ್ಕೋ, ಇದು ಹಾರತ್ತೆ."

ಮೂರು ಸಲ ಕೂಗಿದೆ, ಗಂಟಲು ಒಡೆಯಿತು. ಇಳಿದು ಬೆಂಕಿ ಇಟ್ಟೆ. ರೆಕ್ಕೆಗಳೇ ಮೊದಲು ಹತ್ತಿಕೊಂಡವು.

"ಇನ್ಮೇಲೆ ನಿನ್ನ ಕೈಲಿ ಯಾರು ಕುದುರೆ ಮಾಡಿಸ್ತಾರೆ ನೋಡ್ತೀನಿ," ಎಂದು ದೊಡ್ಡಪ್ಪ ಹಲ್ಲು ಕಡಿದರು.

ಅವರ ಹಿಂದೆ ದೊಡ್ಡಮ್ಮ ನಿಂತಿದ್ದರು, ಐವತ್ತು ವರ್ಷ ಗಂಡನೆದುರು ದನಿ ಎತ್ತದ ಹೆಂಗಸು. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಅವರನ್ನು ದಾಟಿ ಮುಂದೆ ಬಂದರು.

"ನಂದು ಮಾಡಮ್ಮ ಸುಪಿಂಗ್," ಎಂದರು. "ಕಂದು ಬಣ್ಣದ್ದು. ರೆಕ್ಕೆ ಸ್ವಲ್ಪ ದೊಡ್ಡದೇ ಇರ್ಲಿ."