ಎದೆಯ ಮೇಲಿನ ಗೆರೆ

"ಮಿಕ್ಸಿ ಆಫ್ ಮಾಡೆ," ಎಂದ ದರ್ಜಿ, ಹೊಲಿಗೆ ಯಂತ್ರ ಬಿಟ್ಟು ಅಡುಗೆಮನೆಗೆ ಬಂದು.

"ಅನ್ನ ಇನ್ನೂ ತರಿತರಿ ಇದೆ ರೀ," ಎಂದಳು ಹೆಂಡತಿ.

"ಇರ್ಲಿ ಬಿಡು. ಬೆಳಿಗ್ಗೆ ಡಾಕ್ಟರು ಹೇಳಿದ್ದು ಕೇಳಿಸ್ಲಿಲ್ವಾ? ಗಡ್ಡೆ ಕರಗಿದೆ, ಮೆಲ್ಲಗೆ ಗಟ್ಟಿ ಊಟ ಶುರು ಮಾಡಿ ಅಂದ್ರು."

ಕೇಳಿಸಿತ್ತು. ಆದರೆ ಡಾಕ್ಟರ ಮಾತು ನಂಬಿ ಒಮ್ಮೆ ಕೈಸುಟ್ಟುಕೊಂಡವಳು ಅವಳು. ಮೊದಮೊದಲು ಗಂಡನಿಗೆ ತುತ್ತು ಇಳಿಯದಿದ್ದಾಗ ಬೀದಿಯ ಡಾಕ್ಟರು ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದರು. ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ನೀರು ಕೂಡ ಎದೆಯಲ್ಲೇ ನಿಲ್ಲುತ್ತಿತ್ತು. ಆಪರೇಷನ್ನಿನ ಹಂತ ದಾಟಿದೆ, ಕೀಮೋ, ರೇಡಿಯೇಷನ್ ಎರಡೂ ಒಟ್ಟಿಗೆ ಕೊಡೋಣ ಎಂದರು ದೊಡ್ಡಾಸ್ಪತ್ರೆಯವರು. "ಕತ್ತರಿ ಹಾಕದೆ ಯಾವ ಕೆಲಸ ಆಗುತ್ತೆ ಸಾರ್?" ಎಂದು ದರ್ಜಿ ತಮಾಷೆ ಮಾಡಿದ್ದ. ಅವಳಿಗೆ ಮೈಯೆಲ್ಲ ಉರಿದಿತ್ತು.

ರೇಡಿಯೇಷನ್ ಎಲ್ಲಿ ಬೀಳಬೇಕೆಂದು ಅವನ ಎದೆಯ ಮೇಲೆ ನೀಲಿ ಶಾಯಿಯ ಗೆರೆ ಎಳೆದರು. ಮೊದಲ ದಿನವೇ ಅವಳು ಅದನ್ನು ಕೊಳೆಯೆಂದು ತಿಕ್ಕಿ ತೊಳೆದುಬಿಟ್ಟಳು. ನರ್ಸು ಚಳಿ ಬಿಡಿಸಿದಳು. ಆಮೇಲೆ ಆ ಗೆರೆಗೆ ಹನಿ ನೀರು ಸೋಕಲು ಬಿಟ್ಟವಳಲ್ಲ. ಅವನ ಕೂದಲು ಉದುರಿತು. ಒಳಗೆಲ್ಲ ಬೆಂದುಹೋಗಿ ಉಗುಳು ನುಂಗಲೂ ಕಣ್ಣೀರಿಡುತ್ತಿದ್ದ. ಚಿಕಿತ್ಸೆ ಮುಗಿಯಿತು, ಇನ್ನು ತೊಳೆಯಬಹುದು ಎಂದು ನರ್ಸೇ ಹೇಳಿದರೂ ಅವಳು ಕೇಳಲಿಲ್ಲ. ಮತ್ತೆ ಬೇಕಾದರೆ?

ಈಗ ದರ್ಜಿ ತಾನೇ ಬ್ರೆಡ್ಡು ತೆಗೆದು ತಟ್ಟೆಗಿಟ್ಟುಕೊಂಡು, ಅದರ ಗಟ್ಟಿ ಅಂಚು ಮುರಿದ.

"ಸಿಕ್ಕಿಕೊಂಡ್ರೆ ನಾನೇನ್ ಮಾಡ್ಲಿ? ಹಟ ಮಾಡ್ಬೇಡಿ."

"ಬೈಯೋಕೆ ನಿಂಗೊಂದು ಹೊಸ ವಿಷಯ ಸಿಗುತ್ತೆ ಬಿಡು."

ಅಗಿದ. ಅಗಿದೇ ಅಗಿದ. ಅವಳು ನೀರಿನ ಲೋಟ ಹಿಡಿದು ಅವನ ಕತ್ತನ್ನೇ ನೋಡುತ್ತ ನಿಂತಳು. ಗಂಟಲಮಣಿ ಮೇಲೇರಿತು, ಇಳಿಯಿತು. ಇಷ್ಟು ದಿನ ಪ್ರತಿ ಗುಟುಕಿಗೂ ಎದೆ ಹಿಡಿದುಕೊಳ್ಳುತ್ತಿದ್ದ ಕೈ ಈಗ ಇನ್ನೊಂದು ಚೂರಿಗೆ ಹೋಯಿತು.

"ಏನೇ ಇದು, ಇಷ್ಟು ಒಣಗಿದೆ? ಯಾವ ಕಾಲದ ಬ್ರೆಡ್ಡು?"

"ನುಂಗೋಕೆ ಬಂದ ತಕ್ಷಣ ರುಚಿ ಬೇರೆ ಕೇಡು ನಿಮಗೆ," ಎಂದು ರೇಗಿದಳು. ಅರ್ಧದಲ್ಲೇ ದನಿ ಒಡೆಯಿತು. ಅವನು ನಗುತ್ತ ಮೂರನೆಯ ಚೂರನ್ನೂ ಬಾಯಿಗಿಟ್ಟ.

ತಟ್ಟೆ ಖಾಲಿಯಾದ ಮೇಲೆ ಅವಳು ನೀರು ಬೆಚ್ಚಗೆ ಮಾಡಿ, ಅವನ ಅಂಗಿ ಬಿಚ್ಚಿಸಿ ಬಚ್ಚಲಲ್ಲಿ ಕೂರಿಸಿದಳು. ಅಂಗೈಯಲ್ಲೇ ಸೋಪಿನ ನೊರೆ ಮಾಡಿ ಎದೆಗೆ ಮೆಲ್ಲಗೆ ಸವರಿದಳು. ತೆಳು ನೀಲಿ ನೀರು ಹೊಟ್ಟೆಯ ಮೇಲಿಂದ ಇಳಿದು, ಕಲ್ಲಿನ ಮೇಲೆ ಹರಿದು, ತೂತಿನ ಕಡೆಗೆ ಹೋಯಿತು.